ಕಾಲುಂಗುರ ನೋಡುತ್ತಿದ್ದ ಮಾಸ್ತರರು

ಅವರ ಬಲಗೈಯ ಕಿರುಬೆರಳಿನಲ್ಲಿ ಒಂದು ಬೆಳ್ಳಿಯ ಉಂಗುರವಿತ್ತು, ಇದ್ದಿಲಿನಷ್ಟು ಕಪ್ಪು. ಕಿವಿಯಲ್ಲಿ ಬಂಗಾರದ ಸಣ್ಣ ಮುರುವು. ಎರಡನ್ನೂ ಮಾವನ ಮನೆಯವರು ಮದುವೆಯಲ್ಲಿ ಒಂದೇ ದಿನ ಹಾಕಿದ್ದರಂತೆ. ಅಲ್ಲಿಂದ ಮುಂದೆ ಎರಡೂ ಒಂದೇ ಮನುಷ್ಯನ ಮೈಮೇಲೆ, ಒಂದೇ ಉಗಿಯಲ್ಲಿ ದುಡಿದವು. ಬೆಳ್ಳಿ ಕರಕಲಾಯಿತು. ಬಂಗಾರ ಮದುವೆಯ ದಿನ ಹೇಗಿತ್ತೋ ಹಾಗೇ ಉಳಿಯಿತು. ಈಗ ಅವರ ಮುಖ ನೆನಪು ಮಾಡಿಕೊಳ್ಳಲು ಹೋದರೆ ನನಗೆ ಮೊದಲು ಕಾಣುವುದು ಇವೆರಡೇ. ಮುಖ ಆಮೇಲೆ ಬರುತ್ತದೆ.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಅವರು ಅಲ್ಲಿಯ ಬಣ್ಣದ ಮಾಸ್ತರರು. ನಾನು ಲಡಿ ಹಿಂಡಿ ಒಣಹಾಕುವ ಹೆಂಗಸರಲ್ಲಿ ಒಬ್ಬಳು. ಲಡಿ ಎಂದರೆ ನೂಲಿನ ದೊಡ್ಡ ಸುರುಳಿ. ಒದ್ದೆಯಾದರೆ ಎತ್ತಲು ಸೊಂಟ ಬೇಕು. ನಮ್ಮ ಸಾಲಿನಲ್ಲಿ ಏಳೆಂಟು ಹೆಂಗಸರಿದ್ದೆವು. ಮಾಸ್ತರರು ದಿನಾ ಬೆಳಗ್ಗೆ ಕೆಲಸ ಸುರುವಾಗಿ ಒಂದು ತಾಸಾದ ಮೇಲೆ ಆ ಸಾಲಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ಹಾದುಹೋಗುತ್ತಿದ್ದರು. ಹೋಗುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದರು.

ಅದನ್ನು ನಾನು ನಿಲ್ಲಿಸಿದೆ. ಅದರಿಂದ ಒಬ್ಬಳ ಜೀವ ಹೋಗುವುದರಲ್ಲಿತ್ತು. ತಪ್ಪನ್ನು ಅವರು ತಮ್ಮ ಮೈಮೇಲೆ ಹಾಕಿಕೊಂಡರು, ನಾನು ಬಾಯಿ ಮುಚ್ಚಿಕೊಂಡು ನಿಂತೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಮೊಮ್ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ಗಂಧಕದ ಪಾಠ. ಯಾವ ಧಾತುವಿನ ಜೊತೆ ಕೂಡುತ್ತದೆ ಎನ್ನುವಲ್ಲಿ ಅವಳು ತಡವರಿಸಿದಾಗ ನಾನು ರೊಟ್ಟಿ ಬಡಿಯುತ್ತ, ಪಾದರಸ, ಬೆಳ್ಳಿ, ತಾಮ್ರ, ಕಬ್ಬಿಣ ಎಂದು ಹೇಳುತ್ತ ಹೋದೆ. ಅವಳು ಪುಸ್ತಕ ಬಿಟ್ಟು ನನ್ನನ್ನೇ ನೋಡಿದಳು. “ಅಜ್ಜೀ, ನೀ ನಾಕ್ನೇ ಇಯತ್ತಾ ಕಲ್ತಾಕಿ, ಇದು ನಿನಗ ಯಾರ್ ಹೇಳಿದ್ರು?” ಎಂದಳು. ಅವಳಿಗೆ ಕನ್ನಡ ಓದಲು ಬಾರದು. ಆದರೂ ಬರೆಯುತ್ತಿದ್ದೇನೆ.

ಮಾಸ್ತರರ ಮನೆಮಾತು ತೆಲುಗು. ಬೈಯುವುದು ಮರಾಠಿಯಲ್ಲಿ. ನಮ್ಮ ಜೊತೆ ಕನ್ನಡ. ಮೂರರಲ್ಲೂ ಕಡಿಮೆ ಮಾತು. ಬಣ್ಣ ಸರಿ ಬಂದಿದೆಯೋ ಇಲ್ಲವೋ ಎನ್ನುವುದನ್ನು ನೂಲಿನ ಎಳೆಯನ್ನು ನಾಲಿಗೆಗೆ ತಾಗಿಸಿ ಹೇಳುತ್ತಾರೆಂದು ಗಂಡಸರು ಹೇಳುತ್ತಿದ್ದರು, ಅದು ಸುಳ್ಳು. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು ಅಷ್ಟೇ. ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿಯುವವರು. ಊಟದ ಡಬ್ಬಿಯನ್ನು ಕಾರ್ಖಾನೆಯ ಒಳಗೆ ಎಂದೂ ಬಿಚ್ಚಲಿಲ್ಲ, ನಮಗೂ ಬಿಚ್ಚಗೊಡಲಿಲ್ಲ. ಮಳೆ ಬಂದರೂ ಹೊರಗೆ ತಗಡಿನ ಕೆಳಗೇ ಉಣ್ಣಬೇಕು.

ನಮ್ಮ ಕಾರ್ಖಾನೆಯ ಕಪ್ಪು ಗಂಧಕದ ಕಪ್ಪು. ಸಲ್ಫೈಡ್ ಎನ್ನುವ ಹಳದಿಗೆಂಪು ಚಕ್ಕೆ ಹಾಕಿ ಕುದಿಸಿದರೆ ಆ ಬಣ್ಣ ಕರಗುತ್ತದೆ. ತೊಟ್ಟಿಯೊಳಗೆ ನೂಲು ಹಸಿರಾಗಿ ಕಾಣುತ್ತದೆ. ಎತ್ತಿ ಗಾಳಿಗೆ ಹಿಡಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಆ ನೀರು ಹೋಗಲು ಒಂದು ಗಟಾರ. ಬೇರೆ ಬಣ್ಣದ ನೂಲನ್ನು ಆಸಿಡ್‌ನಲ್ಲಿ ತೊಳೆಯುತ್ತಿದ್ದರು, ಅದರ ನೀರಿಗೆ ಇನ್ನೊಂದು ಗಟಾರ. ಎರಡರ ನಡುವೆ ಮಾಸ್ತರರು ಕೈಯಾರೆ ಕೆಂಪು ಬಣ್ಣದ ಗೆರೆ ಎಳೆದಿದ್ದರು.

ನಾನು ಕೆಲಸಕ್ಕೆ ಸೇರಿದ ವಾರ ಅವರು ಹೊಸ ಹೆಂಗಸರನ್ನೆಲ್ಲ ಹೊರಗೆ ತಗಡಿನ ಕೆಳಗೆ ಕೂಡಿಸಿದರು. ಪಕ್ಕದ ಲೇತ್ ಅಂಗಡಿಯಿಂದ ಕಬ್ಬಿಣದ ಪುಡಿ ತಂದಿದ್ದರು. ಅದಕ್ಕೆ ಹಳದಿ ಗಂಧಕದ ಪುಡಿ ಕಲಸಿ, ಕಾಗದದ ಮೇಲೆ ಹರಡಿ, ಮೇಲೆ ಲೋಹಚುಂಬಕ ಆಡಿಸಿದರು. ಕಬ್ಬಿಣವೆಲ್ಲ ಎದ್ದು ಬಂತು, ಗಂಧಕ ಕಾಗದದಲ್ಲೇ ಉಳಿಯಿತು.

“ಥಂಡ ಇದ್ದಾಗ ಇವ್ರಿಬ್ಬರೂ ಬಾಜೂ ಬಾಜೂ ಕುಂತ ಪರಕೀ ಮಂದಿ” ಎಂದರು.

ಆಮೇಲೆ ಮತ್ತೆ ಕಲಸಿ ತಗಡಿನ ಮುಚ್ಚಳದಲ್ಲಿಟ್ಟು ಸ್ಟೋವಿನ ಮೇಲೆ ಕಾಸಿದರು. ಒಂದು ಮೂಲೆಯಲ್ಲಿ ಕೆಂಪಗೆ ಹತ್ತಿಕೊಂಡಿತು. ಸ್ಟೋವ್ ಆರಿಸಿದ ಮೇಲೂ ಆ ಕೆಂಪು ತಾನೇ ಹರಿಯುತ್ತ ಹೋಯಿತು. ಕೊನೆಗೆ ಕರಿಯ ಗಟ್ಟಿ ಉಳಿಯಿತು. ಅದರ ಮೇಲೆ ಲೋಹಚುಂಬಕ ಆಡಿಸಿದರೆ ಏನೂ ಬರಲಿಲ್ಲ.

“ಗಂಧಕದ ಗುಣ ತಿಳ್ಕೋರಿ. ಪಾದರಸ ಕಂಡ್ರ ಕರೀಲಾರದ ಓಡಿ ಹೋಗಿ ಕೂಡ್ತದ. ಬೆಳ್ಳಿ, ತಾಮ್ರದ ಮನಿಗೆ ಸಾವಕಾಶ ಹೋಗ್ತದ, ಆದ್ರ ಹೋದ್ರ ಎದ್ದು ಬರಂಗಿಲ್ಲ. ಕಬ್ಬಿಣದ ಮನಿಗೆ ಬೆಂಕಿ ಹಚ್ಚಿ ಕಳಿಸಬೇಕು. ಬಂಗಾರ ಮಾತ್ರ ಬಾಗಲಾನ ತಗಿಯಂಗಿಲ್ಲ.”

“ಹಂಗಾರ ನಮ್ಮ ಮೈದುನನಂಗ ಅದ ಬಿಡ್ರಿ ನಿಮ್ಮ ಗಂಧಕ” ಎಂದಳು ಒಬ್ಬಳು. “ಬಡವರ ಮನ್ಯಾಗ ಬಂದು ಕುಂತ್ರ ಏಳಂಗಿಲ್ಲ.”

ಎಲ್ಲರೂ ನಕ್ಕೆವು. ಅವರೂ ನಕ್ಕರು. ನಾನು ಕೇಳಿದೆ: “ಕಬ್ಬಿಣಕ್ಕ ಬೆಂಕಿ ಬೇಕಂತೀರಿ, ಮತ್ತ ತುಕ್ಕು ಹೆಂಗ ಹಿಡೀತದ್ರಿ, ಬೆಂಕಿ ಇಲ್ಲದ?”

ಅವರು ನನ್ನತ್ತ ತಿರುಗಿದರು. ಕೇಳುವವರು ಸಿಕ್ಕರೆ ಅವರಿಗೆ ಎಷ್ಟು ಸಂತೋಷವಾಗುತ್ತಿತ್ತು ಎಂಬುದು ಅಂದು ಕಂಡಿತು. “ಅದು ಹವಾದಾಗಿನ ಆಕ್ಸಿಜನ್ ಮಾಡೂ ಕೆಲಸ. ಅಂವ ಗಂಧಕನ ಅಣ್ಣ. ಮನೆತನ ಒಂದ, ಸ್ವಭಾವ ಬ್ಯಾರೆ. ಅಣ್ಣಗ ಹಸಿ ಕಬ್ಬಿಣ ಸಿಕ್ರ ಸಾಕು, ಬಿಡಂಗಿಲ್ಲ. ಆದ್ರ ಬೆಳ್ಳಿ ಗೊಡವಿಗೆ ಹೋಗಂಗಿಲ್ಲ. ತಮ್ಮ ಬೆಳ್ಳೀನ ಹುಡುಕ್ತಾನ.”

ಕೊನೆಗೆ ಆ ಕರಿಯ ಗಟ್ಟಿಯನ್ನು ದೂರ ಬಯಲಿನಲ್ಲಿಟ್ಟು, ಅದರ ಮೇಲೆ ಆಸಿಡ್‌ನ ಎರಡು ಹನಿ ಬಿಟ್ಟರು. ಕೊಳೆತ ತತ್ತಿಯ ವಾಸನೆ ಬಂತು. ಸೆರಗು ಮೂಗಿಗೆ ಹಿಡಿದೆವು. ಮಾಸ್ತರರ ನಗು ಅಷ್ಟು ಹೊತ್ತಿಗೆ ಹೋಗಿತ್ತು.

“ಇದಕ್ಕ ಎರಡ ಗಟಾರ. ಸಲ್ಫೈಡ್ ನೀರಿಗೆ ಆಸಿಡ್ ಕೂಡ್ತು ಅಂದ್ರ ಇದ ಗ್ಯಾಸ್, ಕೊಡಗಟ್ಟಲೆ. ವಾಸನಿ ಬಂದ್ರ ಹೊರಗ ಓಡ್ರಿ. ವಾಸನಿ ಬಂದು ತಾನ ನಿಂತ್ರ ಗ್ಯಾಸ್ ಹೋತು ಅಂತ ತಿಳೀಬ್ಯಾಡ್ರಿ. ಮೂಗು ಸತ್ತದ ಅಂತ ತಿಳೀರಿ.”

ಅದನ್ನು ಕೇಳಿ ಒಳಗೆ ಬಂದೆವು. ಲಡಿ ಹಿಂಡಿದೆವು. ಮರೆತೆವು.

ನಮ್ಮ ಕಾಲುಂಗುರಗಳು ಅಲ್ಲಿ ಕಪ್ಪಾಗುತ್ತಿದ್ದವು. ರಾತ್ರಿ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬೆಳ್ಳಗಾಗುತ್ತಿದ್ದವು, ಮರುದಿನ ಮತ್ತೆ ಮಂಕು. ಕಾಲುಂಗುರ ಕಪ್ಪಾದರೆ ಗಂಡನಿಗೆ ಒಳ್ಳೆಯದಲ್ಲ ಎಂದು ನನ್ನ ಅತ್ತೆ ದಿನಾ ಗೊಣಗುತ್ತಿದ್ದಳು. ಮಗ್ಗದ ಮೇಲೆ ಕೂತ ನನ್ನ ಗಂಡ ಗಟ್ಟಿಯಾಗಿಯೇ ಇದ್ದ, ಅವಳ ಮಾತು ನಿಂತಿರಲಿಲ್ಲ. ಇತ್ತ ಮಾಸ್ತರರು ದಿನಾ ಬೆಳಗ್ಗೆ ಕಾಲು ನೋಡುವುದು. ಹೆಂಗಸರು ಗುಸುಗುಸು ಮಾಡತೊಡಗಿದರು. ಒಬ್ಬಳು ಸೀರೆ ಕೆಳಗೆ ಎಳೆದುಕೊಂಡರೆ, ಇನ್ನೊಬ್ಬಳು ಅವರು ಬರುವ ಹೊತ್ತಿಗೆ ನೀರಿಗೆ ಎದ್ದು ಹೋಗುತ್ತಿದ್ದಳು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬಾಯಿ ಇದ್ದದ್ದು ನನಗೆ.

ಚಹಾದ ಹೊತ್ತು. ಗಂಡಸರೂ ಇದ್ದರು. ಮಾಸ್ತರರು ಬಶಿ ತುಟಿಗೆ ಹಚ್ಚಿದ್ದರು.

“ಏನ್ರಿ ಮಾಸ್ತರ್ರ, ಮುಂಜಾನೆದ್ದು ನಮ್ಮ ಕಾಲಾಗ ಏನ್ ಹುಡುಕ್ತೀರಿ? ನಿಮ್ಮ ಮನ್ಯಾಗ ಹೆಂಡ್ತಿಗೆ ಕಾಲಿಲ್ಲೇನು?”

ಗಂಡಸರು ಹೋ ಎಂದು ನಕ್ಕರು. ಒಬ್ಬ ಸೀಟಿ ಹೊಡೆದ. ಮಾಸ್ತರರು ಬಶಿಯನ್ನು ಕೆಳಗಿಟ್ಟರು. ಅದರಲ್ಲಿ ಚಹಾ ಇನ್ನೂ ಇತ್ತು. ಏನೋ ಹೇಳಲು ಬಾಯಿ ತೆರೆದರು, ನಗುವವರನ್ನು ನೋಡಿ ಮುಚ್ಚಿದರು.

“ಇಲ್ಲವ್ವಾ. ಇನ್ನ ನೋಡಂಗಿಲ್ಲ” ಎಂದು ಎದ್ದು ಹೋದರು.

ಮರುದಿನದಿಂದ ಅವರು ನಮ್ಮ ಸಾಲಿಗೆ ಬರಲಿಲ್ಲ. ಬರಲೇಬೇಕಾದಾಗ ಮಾಡಿನ ತಗಡು ನೋಡುತ್ತ ಹಾದುಹೋಗುತ್ತಿದ್ದರು. ಹೊಸ ಹೆಂಗಸರನ್ನು ಹೊರಗೆ ಕೂಡಿಸಿ ಗಂಧಕದ ಪಾಠ ಹೇಳುವುದೂ ನಿಂತಿತು. ಹೆಂಗಸರು ಶಾಬಾಸ್ ಎಂದರು. ನಾನು ಗೆದ್ದೆ ಎಂದೇ ತಿಳಿದೆ. ಎರಡು ತಿಂಗಳಿಗೆ ಪೇಟೆಯಲ್ಲಿ ಸ್ಟೀಲಿನ ಕಾಲುಂಗುರ ಕಂಡೆ. ಎಂದೂ ಕಪ್ಪಾಗುವುದಿಲ್ಲ ಎಂದು ಅಂಗಡಿಯವನು ಹೇಳಿದ. ನಾನು ತೊಟ್ಟೆ, ಅತ್ತೆಯ ಬಾಯಿ ಮುಚ್ಚಿತು. ನೋಡಿ ನೋಡಿ ಸಾಲಿನವರೆಲ್ಲ ತೊಟ್ಟರು. ಬೆಳ್ಳಿಯನ್ನೆಲ್ಲ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟೆವು.

ಅದೇ ವರ್ಷ ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ, ಕೆಲಸಕ್ಕೆ ಸೇರಿದಳು. ಅವಳನ್ನು ಕರೆತಂದವಳು ನಾನೇ. ಅವಳಿಗೆ ಗಂಧಕದ ಪಾಠ ಸಿಗಲಿಲ್ಲ. ನಾನೂ ಹೇಳಲಿಲ್ಲ.

ಖಂಡೇನವಮಿ ಬಂತು. ಅಂದು ಯಂತ್ರಗಳನ್ನು ತೊಳೆದು ಪೂಜೆ ಮಾಡುವುದು ಎಲ್ಲ ಕಾರ್ಖಾನೆಗಳಲ್ಲೂ ಇರುವ ರೂಢಿ. ಬೆಳಗ್ಗೆಯೇ ಕರೆಂಟ್ ಬಂದ್ ಮಾಡಿದ್ದರು. ಯಂತ್ರಗಳ ಜೊತೆ ಗಾಳಿ ಹೊರಗೆ ಎಳೆಯುವ ಫ್ಯಾನುಗಳೂ ನಿಂತವು. ಪೂಜೆಯ ಜಾಗವೆಂದು ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಿದ್ದೆವು. ನಾನು ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ, ಮುಖ ಕಾಣುವ ಹಾಗೆ ಬೆಳಗಿ, ಎಲೆ ಕಾಯಿ ಇಟ್ಟು ಬಾಗಿಲ ಹತ್ತಿರ ಕಟ್ಟೆಯ ಮೇಲೆ ಕೂಡಿಸಿದೆ. ಓರಗಿತ್ತಿ ಒಳಗೆ ಮೂಲೆಯಲ್ಲಿ ಗಟಾರ ತಿಕ್ಕುತ್ತಿದ್ದಳು. ಅದರ ಕೊನೆಗೆ ನೆಲಕ್ಕಿಂತ ತಗ್ಗಿನಲ್ಲಿ ಒಂದು ಹೊಂಡ, ಸಲ್ಫೈಡ್ ನೀರು ಅಲ್ಲಿ ನಿಲ್ಲುತ್ತಿತ್ತು. ಕಲೆ ಹೋಗುತ್ತಿಲ್ಲವೆಂದು ಅವಳು ಆಸಿಡ್‌ನ ಕ್ಯಾನ್ ತಂದು ಸುರಿದಳು. ಮನೆಯ ಮೋರಿಯ ಕಲೆಗೆ ಆಸಿಡ್ ಹಾಕಿ ತಿಕ್ಕುವುದನ್ನು ಅವಳಿಗೆ ಕಲಿಸಿದವಳೂ ನಾನೇ.

ವಾಸನೆ ಬಂತು. ನಾನು ಮೂಗು ಮುಚ್ಚಿ, “ಏ, ಏನ್ ಹೊಲಸು ವಾಸನಿ ಎಬ್ಬಿಸಿದಿಯೇ?” ಎಂದೆ. ಅವಳು ಅಲ್ಲಿಂದ, “ಗಟಾರ ಮತ್ತ ಗುಲಾಬಿ ವಾಸನಿ ಬರ್ತದೇನಕ್ಕಾ?” ಎಂದಳು. ನಕ್ಕೆವು. ಸ್ವಲ್ಪ ಹೊತ್ತಿಗೆ ವಾಸನೆ ನಿಂತಿತು. ತೊಳೆದುಹೋಯಿತು ಎಂದುಕೊಂಡೆ.

ಮಾಸ್ತರರು ಹೂವಿನ ಹಾರ ತೆಗೆದುಕೊಂಡು ಹೊರಗಿನಿಂದ ಬಂದರು. ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಬಂದವರು ಅಲ್ಲೇ ನಿಂತು ಮೂಗು ಎಳೆದರು.

“ವಾಸನಿ ಅದೇನು?”

“ಇತ್ರಿ. ಈಗ ಹೋತು” ಎಂದೆ.

ಅವರ ಕಣ್ಣು ನನ್ನ ಕಾಲಿಗೆ ಹೋಯಿತು. ಎಷ್ಟೋ ತಿಂಗಳ ಮೇಲೆ. ಸ್ಟೀಲು ಫಳಫಳ ಹೊಳೆಯುತ್ತಿತ್ತು. ಕೊರಳಲ್ಲಿ ತಾಳಿಯ ಬಂಗಾರವೂ ಹೊಳೆಯುತ್ತಿತ್ತು. ಎರಡೂ ಅವರಿಗೆ ಏನೂ ಹೇಳಲಿಲ್ಲ. ಅವರ ಬೆರಳಿನ ಉಂಗುರ ಮೊದಲೇ ಕಪ್ಪು, ಅದಾದರೂ ಏನು ಹೇಳಬೇಕು? ಅವರು ಕಟ್ಟೆಯ ಕಡೆ ತಿರುಗಿದರು. ನಾನು ಬೆಳಗಿಟ್ಟ ತಾಮ್ರದ ಬಿಂದಿಗೆ, ಮುಖ ಕಾಣುತ್ತಿದ್ದ ಬಿಂದಿಗೆ, ಮಸಿ ಬಳಿದ ಹಾಗೆ ಕಂದಿತ್ತು.

ಹಾರ ಕೈಯಿಂದ ಬಿತ್ತು. “ಬಾಹೇರ್! ಸಗಳ್ಯಾ ಬಾಹೇರ್!” ಎಂದು ಚೀರಿದರು. ಎಲ್ಲರನ್ನೂ ಹೊರಗೆ ದಬ್ಬಿದರು. ನಾನು ಎಣಿಸಿದೆ. ಓರಗಿತ್ತಿ ಇರಲಿಲ್ಲ. ಒಳಗೆ ನೋಡಿದರೆ ಹೊಂಡದ ಅಂಚಿನಲ್ಲಿ ಅವಳ ಹಸಿರು ಸೀರೆ ಬಿದ್ದಿತ್ತು, ಸೀರೆಯೊಳಗೆ ಅವಳು. ನಾನು ಓಡಿದೆ. ಮಾಸ್ತರರು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು. ಇಡೀ ಜನ್ಮದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅಷ್ಟೇ.

“ನೀ ಹೋದ್ರ ಎರಡ ಹೆಣ” ಎಂದರು.

ಒಣಗುತ್ತಿದ್ದ ಬಿಳಿಯ ಲಡಿಯೊಂದನ್ನು ಬಿಡಿಸಿ ತಿರುವಿ ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. “ನಾ ಬಿದ್ರ ಎಳೀರಿ. ಯಾರೂ ಒಳಗ ಬರಬ್ಯಾಡ್ರಿ.” ಎದೆ ತುಂಬ ಉಸಿರು ತುಂಬಿಕೊಂಡು ಬರಿಗಾಲಲ್ಲಿ ಹೋದರು. ಚಪ್ಪಲಿ ಅಲ್ಲೇ ಬಾಗಿಲಲ್ಲಿತ್ತು. ಹಾಕಿಕೊಳ್ಳಲು ಅವರಿಗೂ ನೆನಪಾಗಲಿಲ್ಲ, ನನಗೂ. ಹೊಂಡ ತುಂಬಿ ಅಂಚಿನ ಮೇಲೆ ಆ ಸುಡುವ ನೀರು ಹರಡಿತ್ತು. ಅದರಲ್ಲಿ ನಿಂತು ಅವಳ ರಟ್ಟೆ ಹಿಡಿದು ಎಳೆದರು. ಹೊಸ್ತಿಲಿಗೆ ನಾಲ್ಕು ಮಾರು ಇರುವಾಗ ಉಸಿರು ಮುಗಿಯಿತೋ ಏನೋ, ಮೊಳಕಾಲೂರಿ ಬಿದ್ದರು. ಅವಳ ತೋಳು ಮಾತ್ರ ಬಿಡಲಿಲ್ಲ. ನಾವು ಎಲ್ಲರೂ ಸೇರಿ ನೂಲು ಎಳೆದೆವು. ಇಬ್ಬರೂ ಕೂಡಿ ಬಂದರು.

ಓರಗಿತ್ತಿ ಉಳಿದಳು. ಇಂದಿಗೂ ಇದ್ದಾಳೆ, ನನ್ನ ಜೊತೆ ಜಗಳವಾಡುತ್ತಾಳೆ. ಮಾಸ್ತರರು ಎರಡು ತಿಂಗಳು ಹಾಸಿಗೆ ಹಿಡಿದರು.

ವಿಚಾರಣೆಗೆ ಸರಕಾರದ ಸಾಹೇಬರೊಬ್ಬರು ಬಂದರು. ಮಾಲಕರ ಖೋಲಿ. ಮಾಸ್ತರರನ್ನು ರಿಕ್ಷಾದಲ್ಲಿ ಕರೆತಂದು ಕುರ್ಚಿಯಲ್ಲಿ ಕೂಡಿಸಿದ್ದರು. ಕಾಲಿಗೆ ಪಟ್ಟಿ. ಹೆಂಗಸರ ಪರವಾಗಿ ನಾನು ಬಾಗಿಲಲ್ಲಿ ನಿಂತಿದ್ದೆ. ಹೊಸಬಳಿಗೆ ಎರಡು ಗಟಾರದ ವಿಷಯ ಯಾಕೆ ಹೇಳಿರಲಿಲ್ಲ ಎಂದು ಸಾಹೇಬರು ಕೇಳಿದರು. ಮಾಸ್ತರರು ನನ್ನ ಕಡೆ ನೋಡಲೂ ಇಲ್ಲ.

“ಮರ್ತೆ ಸಾಹೇಬ. ವಯಸ್ಸಾತು. ನಂದ ತಪ್ಪು.”

ಮರೆತಿರಲಿಲ್ಲ. ಅವರು ಏನನ್ನೂ ಮರೆಯುವವರಲ್ಲ. ನಾನು ನಿಲ್ಲಿಸಿದ್ದೆ. ಹೇಳಬೇಕೆಂದು ನಾಲಿಗೆಗೆ ಬಂತು. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಓರಗಿತ್ತಿಯದೂ ಹೋಗುತ್ತದೆ ಎಂದು ನುಂಗಿದೆ. ಅವರ ಕೆಲಸ ಹೋಯಿತು.

ಒಂದು ತಿಂಗಳು ಮುಖ ತೋರಿಸಲಾಗಲಿಲ್ಲ. ಆಮೇಲೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಾಲ ಮೇಲೆ ಚಾದರ. ನಡುಮಧ್ಯಾಹ್ನದಲ್ಲೂ ಚಾದರ.

“ಮಾಸ್ತರ್ರ, ಅವತ್ತ ಸಾಹೇಬನ ಮುಂದ ನಾ ಹೇಳಬೇಕಾಗಿತ್ತು.”

“ಏನಂತ? ಈ ಮುದುಕ ಹೆಣ್ಮಕ್ಕಳ ಕಾಲ್ ನೋಡೂದ ಬಿಟ್ಟಾ, ಅದಕ್ಕ ಗ್ಯಾಸ್ ಆತು ಅಂತೇನ? ಸಾಹೇಬ ನಕ್ಕು ನಕ್ಕು ಕುರ್ಚಿ ಮ್ಯಾಲಿಂದ ಬೀಳ್ತಿದ್ದ.” ಕೆಮ್ಮಿದರು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. “ರಾತ್ರಿ ತಿಕ್ಕಿದ ಬೆಳ್ಳಿ ಮುಂಜಾನೆ ಒಂದ್ ತಾಸಿನ್ಯಾಗ ಎಷ್ಟು ಕರ್ರಗಾತು ಅಂತ ನೋಡ್ತಿದ್ದೆ. ಯಾರ ಕಾಲಾಗ ಜಾಸ್ತಿ ಕರ್ರಗ, ಆ ಬಾಜೂ ಫ್ಯಾನ್ ಸರಿ ಇಲ್ಲ. ನನ್ನ ಕಡೆ ಮತ್ತೇನಿತ್ತು ನೋಡಾಕ? ಗ್ಯಾಸ್ ಅಳಿಯೂ ಮಷೀನ್ ಕೇಳಿದ್ರ ಮಾಲಕ ಕೊಡಲಿಲ್ಲ.”

“ಅವತ್ತ ಹೇಳಬಾರದಾಗಿತ್ತೇನ್ರಿ? ನಾ ಏನ್ ಹುಲಿಯೇನು?”

“ಹುಲಿ ಇದ್ರ ಹೇಳ್ತಿದ್ದೆ.” ನಕ್ಕರು. “ನೀ ಕೇಳಿದ್ದು ತಪ್ಪಲ್ಲವ್ವಾ. ಯಾಕಂತ ಹೇಳಲಾರದ ನೋಡಿದ್ದು ನಂದು ತಪ್ಪು. ಕೇಳಿ ನೋಡಬೇಕಾಗಿತ್ತು.”

ರೊಟ್ಟಿಯ ಗಂಟು ಬಿಚ್ಚಿ ಮಂಚದ ಅಂಚಿಗೆ ಇಟ್ಟೆ.

“ಈಗ ಏನ್ ಹಾಕ್ಕೊಂಡಿ?” ಎಂದರು.

ಸೀರೆ ಸ್ವಲ್ಪ ಎತ್ತಿ ಕಾಲು ಮುಂದೆ ಚಾಚಿದೆ. ಟ್ರಂಕಿನಿಂದ ತೆಗೆದ ಬೆಳ್ಳಿ. ಸಾಲಿನವರೆಲ್ಲ ತೊಟ್ಟಿದ್ದೆವು. ಗಂಡನಿಲ್ಲದ ಇಬ್ಬರು ಕಾಲಿಗೆ ತೊಡುವಂತಿಲ್ಲವೆಂದು ಕೈಬೆರಳಿಗೆ ಹಾಕಿಕೊಂಡಿದ್ದರು. ಮಾಸ್ತರರು ಬಗ್ಗಿ, ಬಿಸಿಲಿಗೆ ನೂಲು ಹಿಡಿದು ನೋಡುವ ಹಾಗೆಯೇ ನೋಡಿದರು.

“ಬೆಳ್ಳಗದ. ಫ್ಯಾನ್ ಸರಿ ಮಾಡ್ಯಾರ. ಹೋಗು, ಬಸ್ ತಪ್ಪತದ.”

ಆಮೇಲೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲ ಕಾಲು ತೋರಿಸುವುದು, ಅವರು ನೋಡುವುದು. ನನ್ನ ಗಂಡ ತೀರಿಕೊಂಡ ಮೇಲೆ ಕೈ ತೋರಿಸಿದೆ. ಅವರು ಕೈಯನ್ನೇ ನೋಡಿದರು. ಅವರ ಕಾಲ ಮೇಲಿನ ಚಾದರ ಮಾತ್ರ ಎಂದೂ ಸರಿಯಲಿಲ್ಲ. ಕೋಲು ಹಿಡಿದು ನಡೆಯುವಾಗಲೂ ದಪ್ಪ ಕಾಲುಚೀಲ.

ಈ ವರ್ಷ ಅವರು ಹೋದರು. ಸುದ್ದಿ ಬಂದಾಗ ನಾನು ಕರಜಗಿಯಲ್ಲಿ ಮಗಳ ಮನೆಯಲ್ಲಿದ್ದೆ. ಸಿಕ್ಕ ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಬಂದು, ಅಲ್ಲಿಂದ ಇನ್ನೊಂದು ಹಿಡಿದು ಮುಟ್ಟಿದೆ. ಮೀಯಿಸಿ ಮಲಗಿಸಿದ್ದರು. ಕಿವಿಯ ಬಂಗಾರ ತೆಗೆದಿದ್ದರು. ಬೆಳ್ಳಿಯ ಉಂಗುರ ಬೆರಳು ಬಿಟ್ಟು ಬಂದಿರಲಿಲ್ಲ, ಹಾಗೇ ಇತ್ತು, ಕಪ್ಪಗೆ.

ನಾನು ಕಾಲ ಕಡೆಗೆ ಹೋದೆ. ಬಟ್ಟೆ ಸರಿದಿತ್ತು. ಹಿಮ್ಮಡಿಯಿಂದ ಬೆರಳಿನವರೆಗೆ ಸುಟ್ಟು ಮಾಗಿದ ಚರ್ಮ, ಕಾಯ್ದ ಹೆಂಚಿನ ಮೇಲೆ ಹಪ್ಪಳ ಸುಕ್ಕುಗಟ್ಟಿದ ಹಾಗೆ. ಎಡಗಾಲಿನ ಎರಡು ಬೆರಳು ಕೂಡಿಕೊಂಡಿದ್ದವು. ಇಷ್ಟು ವರ್ಷ ಚಾದರದ ಕೆಳಗೆ ಇದ್ದದ್ದು ಇದು. ನಾನು ಬಂದು ಕೂತು, ಹಿಂಡಿ ರೊಟ್ಟಿ ಕೊಟ್ಟು, ನನ್ನ ಬೆಳ್ಳಿ ತೋರಿಸಿ ಹೋಗುತ್ತಿದ್ದಾಗಲೆಲ್ಲ ಇದು ಅಲ್ಲಿತ್ತು.

ಯಾರೋ ಹೂ ಕೊಟ್ಟರು. ಇಟ್ಟೆ. ಎಲ್ಲರೂ ಒಮ್ಮೆ ಕಾಲು ಮುಟ್ಟಿ ಸರಿಯುತ್ತಿದ್ದರು. ನಾನು ಸರಿಯಲಿಲ್ಲ. ಹಿಂದಿನವರು ಗೊಣಗಿದರು. ಗೊಣಗಲಿ ಎಂದು ಅಲ್ಲೇ ಕೂತೆ. ಒಂದೊಂದೇ ಬೆರಳನ್ನು, ಒಂದೊಂದೇ ಕಲೆಯನ್ನು, ಅವಸರವಿಲ್ಲದೆ ನೋಡಿದೆ.